ಪದಚರ್ಚೆ: ‘ಪರ್ಸಿಸ್ಟೆನ್ಸ್’, ‘ಲಾಂಗ್ ಮೆಮೊರಿ’ – ಸೋಮವಾರದೊಳಗೆ ಬೇಕು

ಶಿವಮೊಗ್ಗದಿಂದ:

ಬಳಗದವರಿಗೆ ನಮಸ್ಕಾರ. ಕನ್ನಡದಲ್ಲಿ ಪರೀಕ್ಷೆ ಬರೆಯುವ ಎಂ.ಎ. ಅರ್ಥಶಾಸ್ತ್ರದ ಮಕ್ಕಳಿಗಾಗಿ ಕಾಲಶ್ರೇಣಿಯ (ತಿಂಗಳು, ವರ್ಷಗಳ ಕ್ರಮದಲ್ಲಿ ಜೋಡಿಸಿದ ಅಂಕಿಗಳ) ಅಧ್ಯಾಯವೊಂದನ್ನು ಅನುವಾದಿಸಿದ್ದೇನೆ. ಎರಡು ಪದಗಳ ಜಾಗ ಖಾಲಿ ಬಿಟ್ಟಿದ್ದೇನೆ. ಸೋಮವಾರ ಪುಟಗಳು ಪ್ರೆಸ್ಸಿಗೆ ಹೋಗಬೇಕು.

ಟೊಮೆಟೊ, ಈರುಳ್ಳಿ ದರ ಏರಿ ಹಣದುಬ್ಬರಕ್ಕೆ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟು ಎಷ್ಟು ಕಾಲ ಉಳಿಯುತ್ತದೆ ಎಂಬುದೇ ‘ಪರ್ಸಿಸ್ಟೆನ್ಸ್’. ಶೇ. 4ರ ಗುರಿ, ಅದರ ಆಚೀಚೆ ಶೇ. 2ರ ಅಂಚು ಇಟ್ಟುಕೊಂಡ ರಿಸರ್ವ್ ಬ್ಯಾಂಕಿಗೆ ಇದು ಮುಖ್ಯ: ಬೇಗ ಇಳಿಯುವುದಾದರೆ ಕಾಯಬಹುದು, ಇಳಿಯದಿದ್ದರೆ ಬಡ್ಡಿ ಏರಿಸಬೇಕು. ‘ಹಠ’, ‘ಪಟ್ಟು’ ಎಂದರೆ ಮನುಷ್ಯರ ಗುಣವಾಯಿತು, ಇಲ್ಲಿ ಸಲ್ಲದು.

‘ಲಾಂಗ್ ಮೆಮೊರಿ’ ಇನ್ನೂ ಸೂಕ್ಷ್ಮ. ಸಾಮಾನ್ಯ ಶ್ರೇಣಿಯಲ್ಲಿ ಪೆಟ್ಟು ತಿಂಗಳಿಗೆ ಅರ್ಧದಂತೆ ಕರಗಿದರೆ, 100 ಇದ್ದದ್ದು ಹತ್ತನೇ ತಿಂಗಳಿಗೆ 0.1 ಆಗಿರುತ್ತದೆ. ಲಾಂಗ್ ಮೆಮೊರಿಯ ಶ್ರೇಣಿ ಹಾಗಲ್ಲ. ಈ ನೆನಪು ಎಷ್ಟು ಗಟ್ಟಿ ಎಂದು ಹೇಳುವ ‘ಡಿ’ ಎಂಬ ಅಳತೆ 0.4 ಇದ್ದಾಗ, ಎರಡು ತಿಂಗಳುಗಳ ನಡುವಿನ ಅಂತರ ಹತ್ತು ಪಟ್ಟಾದರೂ ಅವುಗಳ ನಂಟು 100ರಿಂದ ಸುಮಾರು 63ಕ್ಕಷ್ಟೇ ಇಳಿಯುತ್ತದೆ. ನೂರು ಪಟ್ಟಾದಾಗ 40ಕ್ಕೆ. ‘ದೀರ್ಘಾವಧಿ ನೆನಪು’ ಎಂದರೆ ಮನಶ್ಶಾಸ್ತ್ರದ ಪದವಾಗಿಬಿಡುತ್ತದೆ. ‘ದೀರ್ಘ ನೆನಪು’ ನಡೆದೀತೆ?

ಸಾಗರದಿಂದ:

ನಡೆಯುತ್ತದೆ. ‘ಸ್ಮೃತಿ’ ಮಾತ್ರ ಬೇಡ, ಮೊದಲು ಮನುವಿನದೇ ಕಣ್ಣಿಗೆ ಬರುತ್ತದೆ.

ಈ ಲೆಕ್ಕ ಹುಟ್ಟಿದ್ದೇ ನೀರಿನಿಂದ. ಹರ್ಸ್ಟ್ ಎಂಬ ಜಲತಜ್ಞ ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕೆಂದು ನೋಡುತ್ತ, ಬರದ ವರ್ಷಗಳೂ ತುಂಬಿದ ವರ್ಷಗಳೂ ಗುಂಪುಗಟ್ಟಿ ಬರುತ್ತವೆ ಎಂದು ಕಂಡುಕೊಂಡ; 1951ರಲ್ಲಿ ಪ್ರಕಟಿಸಿದ. ಲಿಂಗನಮಕ್ಕಿ 1819 ಅಡಿ ಮುಟ್ಟಿತೇ ಎಂದು ಮಳೆಗಾಲವಿಡೀ ಪೇಪರ್ ನೋಡುವ ನಮಗೆ ಇದು ಹೊರಗಿನ ಮಾತಲ್ಲ.

ಪರ್ಸಿಸ್ಟೆನ್ಸ್‌ಗೆ ನನ್ನ ಪದ ‘ಪಸೆ’. ಪುನರ್ವಸು ಮಳೆಯಲ್ಲಿ ತೊಯ್ದ ಕಂಬಳಿಯನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ, ಮೂರು ದಿನ ಬಿಟ್ಟು ಮಡಿಕೆ ಬಿಡಿಸಿ ಮುಟ್ಟಿ. ಮೇಲೆ ಬೆಚ್ಚಗೆ, ಒಳಗೆ ಇನ್ನೂ ಪಸೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವಲ್ಲ, ಆ ಹನಿ ಅರ್ಧ ಗಂಟೆಯದು. ಅದು ನೀವು ಹೇಳಿದ ಸಾಮಾನ್ಯ ಶ್ರೇಣಿ. ಕಂಬಳಿ ನಿಧಾನ, ಆದರೂ ಆರುತ್ತದೆ; ಅದು ಲಾಂಗ್ ಮೆಮೊರಿ. ಬಟ್ಟೆಗೆ ಹತ್ತಿದ ಅಡಿಕೆ ಕರೆ ಹೋಗುವುದೇ ಇಲ್ಲ, ಅದು ‘ಯುನಿಟ್ ರೂಟ್’, ಪೆಟ್ಟು ಎಂದೂ ಕರಗದ ಶ್ರೇಣಿ. ಅದಕ್ಕೂ ‘ಕರೆ’ ಎಂದೇ ಬರೆಯಿರಿ.

ಇನ್ನೊಂದು ಮಾತು. ‘ನೆನೆ’ ಎಂದರೆ ತೊಯ್ಯುವುದೂ ಹೌದು, ಸ್ಮರಿಸುವುದೂ ಹೌದು. ಒಂದೇ ಬೇರು. ಒಳಗೆ ಇಳಿದ ನೀರೇ ನೆನಪು. ಇಂಥ ಪದ ಮನೆಯಲ್ಲಿರುವಾಗ ಹೊರಗೆ ಹುಡುಕುವುದೇಕೆ?

ತೀರ್ಥಹಳ್ಳಿಯಿಂದ:

ಒಂದೇ ಬೇರಲ್ಲ. ತಮಿಳಿನಲ್ಲಿ ತೊಯ್ಯುವುದು ‘ನನೈ’, ಸ್ಮರಿಸುವುದು ‘ನಿನೈ’. ನಮ್ಮಲ್ಲಿ ಎರಡೂ ‘ನೆನೆ’ ಆದವು, ಅಷ್ಟೆ. ದನಿ ಕೂಡಿತೆಂದು ಅರ್ಥ ಕೂಡಿಸಬೇಡಿ.

‘ದೀರ್ಘನೆನಪು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಬಿರುದಾವಳಿ ಮುಂತಾದ ಕಡೆ ಬಿಟ್ಟರೆ ವ್ಯಾಕರಣಕಾರ ಕೇಶಿರಾಜ ಒಪ್ಪುವುದಿಲ್ಲ. ‘ದೀರ್ಘಸ್ಮೃತಿ’ ಅನ್ನಿ. ಪರ್ಸಿಸ್ಟೆನ್ಸ್‌ಗೆ ‘ಅನುವೃತ್ತಿ’ ಸಿದ್ಧವಾಗಿದೆ: ಸಂಸ್ಕೃತ ವ್ಯಾಕರಣದಲ್ಲಿ ಹಿಂದಿನ ಸೂತ್ರದ ಪದ ಮುಂದಿನ ಸೂತ್ರಗಳಿಗೂ ಹರಿದು ಬರುವುದಕ್ಕೆ ಪಾಣಿನೀಯರು ಬಳಸುವ ಮಾತು. ‘ಪಸೆ’ ಕೋಷ್ಟಕದ ತಲೆಯ ಮೇಲೆ ನಿಲ್ಲುವುದಿಲ್ಲ.

ಸಾಗರದಿಂದ:

ಮೇಷ್ಟ್ರೇ, ಬೇರಿನ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಅನುವೃತ್ತಿಯನ್ನು ಒಪ್ಪಲಾರೆ. ಗೊತ್ತಿಲ್ಲದ್ದನ್ನು ತಿಳಿಸಲು ಇನ್ನೊಂದು ಗೊತ್ತಿಲ್ಲದ ಪದ. ಹುಡುಗರು ಎರಡನ್ನೂ ಬಾಯಿಪಾಠ ಮಾಡುತ್ತಾರೆ.

ತೀರ್ಥಹಳ್ಳಿಯಿಂದ:

ಸಾಲವೇ ಬೇಡವೆನ್ನುವವರು ಲೆಕ್ಕದ ಪುಸ್ತಕವನ್ನೇ ಮುಚ್ಚಬೇಕಾಗುತ್ತದೆ. ‘ಬಾಕಿ’, ‘ಜಮಾ’, ‘ವಸೂಲಿ’ ಅರಬ್ಬಿಯವು. ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’. ಅಡಿಕೆ ಮಂಡಿಯಲ್ಲಿ ಇವಿಲ್ಲದೆ ಒಂದು ಚೀಟಿ ಬರೆದು ತೋರಿಸಿ.

ಸಾಗರದಿಂದ:

ಅದೇ ನಾನು ಹೇಳುವುದು. ಅವು ವ್ಯವಹಾರದ ಬಾಯಿಂದ ಬಂದು, ಸವೆದು, ನಮ್ಮವಾದವು. ‘ಬಡ್ಡಿ’ಯನ್ನು ಯಾರೂ ನಿಘಂಟಿನಿಂದ ಎತ್ತಿ ತರಲಿಲ್ಲ.

ಶಿವಮೊಗ್ಗದಿಂದ:

ಇಬ್ಬರಿಗೂ ವಂದನೆ. ‘ದೀರ್ಘ ನೆನಪು’ ಎಂದು ಬಿಡಿಸಿ ಬರೆಯುತ್ತೇನೆ, ಆಗ ಸಮಾಸದ ತಕರಾರು ಇರುವುದಿಲ್ಲ. ‘ಯುನಿಟ್ ರೂಟ್’ ಸಮೀಕರಣದ ಮೂಲವಾದ್ದರಿಂದ ‘ಏಕಮೂಲ’ ಎಂದೇ ಇಡುತ್ತೇನೆ; ಕರೆಯ ಹೋಲಿಕೆ ವಿವರಣೆಗೆ ಬೇಕು, ಬಳಸಿಕೊಳ್ಳಲೆ?

ಇನ್ನುಳಿದದ್ದಕ್ಕೆ ಅಧ್ಯಾಯದ ಒಂದು ವಾಕ್ಯ ತೆಗೆದುಕೊಂಡು ಎರಡೂ ಪದ ಹಾಕಿ ನೋಡಿದೆ. ‘ಅಮೆರಿಕದ 14 ಆರ್ಥಿಕ ಶ್ರೇಣಿಗಳನ್ನು ಪರೀಕ್ಷಿಸಿದ ನೆಲ್ಸನ್ ಮತ್ತು ಪ್ಲಾಸರ್, ನಿರುದ್ಯೋಗವೊಂದನ್ನು ಬಿಟ್ಟು ಉಳಿದವುಗಳಲ್ಲಿ ಪೆಟ್ಟಿನ ಪಸೆ ಆರುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದು 1982ರಲ್ಲಿ ಬರೆದರು.’ ‘ಅನುವೃತ್ತಿ’ ಹಾಕಿದಾಗ ಅದು ಏನಾಗುತ್ತದೆ ಎನ್ನಲು ಕ್ರಿಯಾಪದವೇ ಸಿಗಲಿಲ್ಲ. ಕೊನೆಗೆ ‘ಅನುವೃತ್ತಿಯ ಪ್ರಮಾಣವು ಕ್ಷೀಣಿಸುತ್ತದೆ’ ಎಂದು ಎಳೆಯಬೇಕಾಯಿತು. ‘ಪಸೆ’ಗೆ ‘ಆರು’ ತಾನಾಗಿ ಬಂತು. ಪೂರ್ತಿ ಆರಿದ್ದಕ್ಕೂ ಎಂದೂ ಆರದ್ದಕ್ಕೂ ನಡುವಿನ ಸ್ಥಿತಿಯನ್ನು ಗ್ರೇಂಜರ್ ಮತ್ತು ಜೋಯು 1980ರಲ್ಲಿ, ಹಾಸ್ಕಿಂಗ್ 1981ರಲ್ಲಿ ಲೆಕ್ಕಕ್ಕೆ ತಂದರು. ಅಲ್ಲೂ ‘ನಿಧಾನ ಆರುವ’ ಎಂದರೆ ಸಾಕಾಗುತ್ತದೆ. ಕೋಷ್ಟಕದಲ್ಲಿ ‘ಪೆಟ್ಟಿನ ಪಸೆ’ ಎಂದು ಹಾಕುತ್ತಿದ್ದೇನೆ.

‘ಪರ್ಸಿಸ್ಟೆಂಟ್’ ಎಂಬ ವಿಶೇಷಣ ಬಾಕಿ ಇದೆ. ‘ಪಸೆಯುಳ್ಳ’ ಎನ್ನಲೆ, ‘ಪಸೆಯಾರದ’ ಎನ್ನಲೆ? ಎರಡನೆಯದು ಎಂದೂ ಆರದ್ದು ಎಂಬ ಅರ್ಥ ಕೊಟ್ಟೀತೆಂಬ ಅಳುಕು. ಭಾನುವಾರ ರಾತ್ರಿಯೊಳಗೆ ತಿಳಿಸಿ.