ಬಣ್ಣ ಆಮೇಲೆ, ಮೊದಲು ಹಲಗೆ ಎಬ್ಬಿಸು ತಮ್ಮಾ

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ ನಾಲ್ಕೂ ಫೋಟೋ ನೋಡಿದೆ. ಇಷ್ಟೆಲ್ಲ ಟೈಪ್ ಮಾಡುತ್ತ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಬಡಬಡ ಅನ್ನುತ್ತಿರುವುದು ನಮ್ಮ ಓಣಿಯ ಗಿರಣಿ.

14 ಅಡಿಯ ಹಳೇ ಫೈಬರ್ ದೋಣಿ ಅಗ್ಗಕ್ಕೆ ಸಿಕ್ಕಿದೆ, ಸೀಳಿಗೆ ಪುಟ್ಟಿ ಮೆತ್ತಿ, ಒಳಗೆ ಕಾರ್ಪೆಟ್ ಹಾಸಿ, ಬಣ್ಣ ಹೊಡೆದು ಶ್ರಾವಣದಲ್ಲಿ ಆಲಮಟ್ಟಿ ಹಿನ್ನೀರಿನ ಚಿಕ್ಕಸಂಗಮಕ್ಕೆ ಒಯ್ಯೋಣವಾ ಅಂತ ಕೇಳಿದ್ದೀಯ. ಬೇಡ. ಬಣ್ಣದ ಡಬ್ಬಿ ಮುಚ್ಚಿಡು. ಮೊದಲು ಕಾಲಡಿಯ ಹಲಗೆ ಎಬ್ಬಿಸು.

ಯಾಕೆ ಅಂದರೆ, ಮೂರನೇ ಫೋಟೋದಲ್ಲಿ ಎಂಜಿನ್ ಕೂರಿಸುವ ಹಿಂಬದಿ ಇದೆಯಲ್ಲ, ಅದರ ಬುಡದಲ್ಲಿ ಕಂದು ನೀರು ಒಸರಿದ ಕಲೆ ಕಾಣುತ್ತದೆ. ಫೈಬರ್ ಕೊಳೆಯಲ್ಲ, ಅದರೊಳಗೆ ಹುದುಗಿಸಿದ ಕಟ್ಟಿಗೆ ಕೊಳೆಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸಾಲಾಗಿ ತಟ್ಟುತ್ತ ಹೋಗು, ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಟಣ್ ಅಂದರೆ ಗಟ್ಟಿ. ಡಬ್ ಅಂದ ಕಡೆ ಡ್ರಿಲ್ಲಿನಿಂದ ಸಣ್ಣ ತೂತು ಹಾಕು. ಒಣ ಹೊಟ್ಟು ಬಂದರೆ ಪುಣ್ಯ. ಕರ್ರಗೆ ಒದ್ದೆ ಪುಡಿ ಬಂದರೆ ಅಷ್ಟೂ ಕಟ್ಟಿಗೆ ಕಿತ್ತು ಹೊಸದು ಹಾಕಬೇಕು.

ನನ್ನ ದೋಣಿ ತಂದಾಗ ನಾಲ್ಕು ಜನ ಸೇರಿದರೂ ಎತ್ತಲಾಗಲಿಲ್ಲ. ಸೀಟಿನ ಕೆಳಗಿನ ಫೋಮ್ ವರ್ಷಗಟ್ಟಲೆ ನೀರು ಕುಡಿದಿತ್ತು. ಹಿಂಡಿದರೆ ಬಟ್ಟೆ ಹಿಂಡಿದ ಹಾಗೆ ಇಳಿಯಿತು. ಅದನ್ನೆಲ್ಲ ಬಗೆದು ತೆಗೆದು, ಭಾರಿ ಜಾಣ ಅಂತ, ಟಿವಿ ಬಾಕ್ಸಿನ ಥರ್ಮಾಕೋಲ್ ತುಂಬಿ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಒಣಗಿ ಗಟ್ಟಿಯಾಗುವ ಅಂಟು ದ್ರವ ರೆಸಿನ್ ಹಚ್ಚಿದೆ. ಚಹಾ ಕುಡಿದು ಬರುವಷ್ಟರಲ್ಲಿ ಥರ್ಮಾಕೋಲ್ ಕರಗಿ, ಮ್ಯಾಟ್ ಸಮೇತ ಗುಂಡಿ ಬಿದ್ದಿತ್ತು! ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ತಿಂದುಬಿಡುತ್ತದೆ. ನಿಮ್ಮ ವೈನಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ನೀನು ನೀರು ಹೀರದ ಜಾತಿಯ ಪಿಯು, ಅಂದರೆ ಪಾಲಿಯುರೆಥೇನ್, ಫೋಮ್ ಹಾಕು.

ಪ್ಲೈವುಡ್ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಒಂದು ಅಂಗಡಿಯವರು ವಾಟರ್‌ಪ್ರೂಫ್ ಅಂತ ಕೊಟ್ಟದ್ದು ಒಂದೇ ಮಳೆಗಾಲಕ್ಕೆ ಚಿರೋಟಿ ಪದರಿನಂತೆ ಬಿಚ್ಚಿಕೊಂಡಿತು. ಹಾಳೆಯ ಮೇಲೆ ಐಎಸ್ 710 ಅನ್ನುವ ಮುದ್ರೆ ಹುಡುಕು, ಅದು ಮರೈನ್ ಪ್ಲೈ. ಕೂರಿಸುವ ಮೊದಲೇ ಎರಡೂ ಮೈ, ಅಂಚು, ಸ್ಕ್ರೂ ತೂತಿನ ಒಳಗೆಲ್ಲ ರೆಸಿನ್ ಕುಡಿಸು. ಸ್ಕ್ರೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ಈಗ ಸೀಳು. ನೀರು ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ ಊರಿನ ಗೋಡೆ, ಮರದ ಬೊಡ್ಡೆ ಮೇಲೆ ಬರುತ್ತವೆ. ತಳ ಉಜ್ಜಿರುವುದು ಅಲ್ಲೇ ಇರಬೇಕು. ಬರೀ ಪುಟ್ಟಿ ಬಿಗಿಯಾಗಿ ಕೂರಲ್ಲ, ದೋಣಿ ಅಲುಗಿದರೆ ಚೆಕ್ಕೆ ಏಳುತ್ತದೆ. ಸೀಳಿನ ಎರಡೂ ಕಡೆ ಗ್ರೈಂಡರಿನಿಂದ ಇಳಿಜಾರು ಮಾಡು. ಫೈಬರಿನ ದಪ್ಪ 5 ಮಿಲಿಮೀಟರ್ ಇದ್ದರೆ ಒಂದೊಂದು ಕಡೆಯ ಇಳಿಜಾರು 60 ಮಿಲಿಮೀಟರ್ ಅಗಲ ಇರಬೇಕು, ಅಂದರೆ ಹನ್ನೆರಡು ಪಟ್ಟು. ಆ ಇಳಿಜಾರಿನ ಮೇಲೇ ಆಮೇಲೆ ಮ್ಯಾಟ್, ರೆಸಿನ್ ಪದರ ಪದರವಾಗಿ ಕೂರುವುದು. ಆ ಧೂಳು ಮೈಗೆ ತಾಗಿದರೆ ಎರಡು ದಿನ ತುರಿಕೆ. ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೇ ಮಾಸ್ಕ್ ಹಾಕು. ಟವೆಲ್ ಕಟ್ಟಿಕೊಂಡರೆ ನಡೆಯಲ್ಲ. ಮಕ್ಕಳನ್ನು ಹಿತ್ತಲಿಗೆ ಬಿಡಬೇಡ.

ಆಮೇಲೆ ಒಣಗಿಸು. ರಾತ್ರಿ ಆ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಅಂಟಿಸು. ಬೆಳಿಗ್ಗೆ ಒಳಗೆ ಬೆವರು ಕಂಡರೆ ಇನ್ನೂ ಹಸಿ ಇದೆ ಅಂತ. ಗಡಿಬಿಡಿ ಮಾಡಬೇಡ.

ರೆಸಿನ್ ಕೆಲಸ ಬೆಳಿಗ್ಗೆ ಆರಕ್ಕೇ ಶುರುಮಾಡು. ನಮ್ಮ ಬಿಸಿಲಿನಲ್ಲಿ ಹತ್ತಾದರೆ ಮಗ್ಗಿನಲ್ಲೇ ಕಲ್ಲಾಗಿ ಹೊಗೆ ಬರುತ್ತದೆ. ಅರ್ಧ ಕಿಲೋಗಿಂತ ಜಾಸ್ತಿ ಒಮ್ಮೆಗೆ ಕಲಸಬೇಡ. ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್ ಒಂದು ಕಿಲೋಗೆ 10 ಮಿಲಿಲೀಟರ್ ಲೆಕ್ಕದಿಂದ ಶುರುಮಾಡು, ಅಂದರೆ ಅರ್ಧ ಕಿಲೋಗೆ 5. ಇದನ್ನು ಎರಡು ಸಲ ಕೇಳು: ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರವವನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸು, ಆಮೇಲೆ ಹಾರ್ಡ್ನರ್. ಅವೆರಡನ್ನೂ ನೇರವಾಗಿ ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಆದರೆ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋ ರೆಸಿನ್ ಹಿಡಿಯುತ್ತದೆ. ಬ್ರಶ್ಶಿನಿಂದ ಬಳಿಯಬೇಡ, ಕುಟ್ಟು. ಬಿಳಿ ಚುಕ್ಕೆ ಉಳಿದರೆ ಒಳಗೆ ಗಾಳಿ ಇದೆ, ರೋಲರ್ ಆಡಿಸಿ ಹೊರಹಾಕು. ಕೊನೆಯ ಪದರಿಗೆ ವ್ಯಾಕ್ಸ್ ಬೆರೆತದ್ದೇ ಹಾಕು, ಇಲ್ಲದಿದ್ದರೆ ಮೇಲ್ಮೈ ಬೆಲ್ಲದ ಪಾಕದ ಹಾಗೆ ಅಂಟುತ್ತಲೇ ಇರುತ್ತದೆ.

ಕಾರ್ಪೆಟ್ ಮಾತ್ರ ಖಂಡಿತ ಬೇಡ, ಒದ್ದೆ ಹಿಡಿದು ಮತ್ತೆ ಹಲಗೆ ಕೊಳೆಸುತ್ತದೆ. ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೋಟ್ ಹೊಡಿ. ಕಾಲು ಜಾರಲ್ಲ.

ಈ ಶ್ರಾವಣಕ್ಕೆ ಆಗದಿದ್ದರೆ ದಸರೆಗೆ ಇಳಿಸೋಣ, ಆಲಮಟ್ಟಿ ಎಲ್ಲಿಗೂ ಓಡಿಹೋಗಲ್ಲ. ನನ್ನ ಹತ್ತಿರ ಎರಡು ರೋಲರ್ ಉಳಿದಿವೆ, ಶುಕ್ರವಾರ ಬೀಳಗಿಯಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿರುತ್ತೇನೆ. ಹಾರ್ಡ್ನರ್ ಕಳಿಸಲ್ಲ, ಅದು ಬಸ್ಸಿನಲ್ಲಿ ಒಯ್ಯುವ ಸಾಮಾನಲ್ಲ. ರೋಲರ್ ಇಸಿದುಕೊಳ್ಳಲು ಬಾಗಲಕೋಟೆ ನವನಗರದ ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಹಲಗೆ ಎಬ್ಬಿಸಿದ ಫೋಟೋ ಹಾಕು.