ಪುಟ್ಟಿಯ ಎಡಗೈ ಮೃದಂಗ: ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಎಡಗೈಯವರಿಗೆ ಬಲ ಮೆದುಳು ಚುರುಕು, ಅದಕ್ಕೇ ಅವರು ಹುಟ್ಟು ಸಂಗೀತಗಾರರು!!

ದೊಡ್ಡಪ್ಪ: ಪುಟ್ಟಿಗೆ ಮೃದಂಗ ಯಾಕೆ ಒಲೀತು ಅಂತ ಗೊತ್ತಾಯ್ತಾ?

ಸುಧಾ ಅತ್ತೆ: ಒಲಿದಿರೋದೇನೋ ನಿಜ ಅಣ್ಣ. ಆದ್ರೆ ಮೇಷ್ಟ್ರು ಈಗಲೇ ಬಲಗೈಗೆ ಬದಲಾಯಿಸಿ ಅಂತಿದ್ದಾರೆ.

ವಿನು: ದೊಡ್ಡಪ್ಪ, ಅದು ಬುರುಡೆ. ಎಡಗೈಯವರಲ್ಲೂ ಹೆಚ್ಚಿನವರಿಗೆ ಮಾತು ಎಡ ಮೆದುಳಲ್ಲೇ. ಸಂಗೀತಕ್ಕೆ ಯಾರಿಗಾದ್ರೂ ಎರಡೂ ಕಡೆ ಬೇಕು.

ದೊಡ್ಡಪ್ಪ: ಎಂ.ಡಿ. ಓದ್ತಿದ್ದೀಯ ಅಂತ ಎಲ್ಲಾನೂ ಬುರುಡೆ ಅನ್ನಬೇಡ. ರಷ್ಯಾದ ಸಂಗೀತ ರಚನೆಕಾರ ಶೆಬಾಲಿನ್‌ಗೆ 1959ರಲ್ಲಿ ಎಡ ಮೆದುಳಿಗೆ ಸ್ಟ್ರೋಕ್ ಆಗಿ ಮಾತು ಬಿದ್ದೋಯ್ತು. ಆಮೇಲೂ ಐದನೇ ಸಿಂಫನಿ ಬರೆದ್ರು. ಮೆದುಳು ತಜ್ಞ ಲೂರಿಯಾ ಅಂಥವರೇ ದಾಖಲಿಸಿದ್ದಾರೆ.

ವಿನು: ಅದು ಸರಿ. ಮಾತು ಹೋದ್ರೂ ಸಂಗೀತ ಉಳೀಬಹುದು ಅಂತ ಆಯ್ತು. ಅದರಲ್ಲಿ ಎಡಗೈ ಎಲ್ಲಿ ಬಂತು?

ವಿನು: ಕೈ ವಿಷಯಕ್ಕೆ 1995ರ ಜರ್ಮನಿ ಅಧ್ಯಯನ ನೋಡಿ. ಪಿಟೀಲಿನಂಥ ವಾದ್ಯ ನುಡಿಸೋರ ಎಡಗೈ ಬೆರಳುಗಳಿಗೆ ಬಲ ಮೆದುಳಲ್ಲಿ ಜಾಸ್ತಿ ಜಾಗ. ಹೆಬ್ಬೆರಳಿಗೆ ಅಷ್ಟಿಲ್ಲ, ಅದು ಬರೀ ಹಿಡ್ಕೊಳ್ಳೋದು ತಾನೆ. ಚಿಕ್ಕಂದಿನಲ್ಲೇ ಶುರು ಮಾಡಿದವರಿಗೆ ಇನ್ನೂ ಜಾಸ್ತಿ. ಸಾಧನೆ ಮಾಡಿದ ಬೆರಳಿಗೆ ಜಾಗ, ಅಷ್ಟೇ.

ಸುಧಾ ಅತ್ತೆ: ಹಂಗಿದ್ರೆ ಈಗ ಬಲಗೈ ಅಭ್ಯಾಸ ಮಾಡಿಸಿದ್ರೆ ಅದಕ್ಕೂ ಜಾಗ ಸಿಗತ್ತೆ! ಮೇಷ್ಟ್ರು ಹೇಳಿದ್ದೇ ಸರಿ ಆಯ್ತಲ್ಲೋ.

ವಿನು: ಸಿಗಬಹುದು ಅತ್ತೆ. ಆದ್ರೆ ಚೆನ್ನಾಗಿ ನಡೀತಿರೋ ಕೈನ ಯಾಕೆ ಕಟ್ಟಿಹಾಕೋದು?

ಅಜ್ಜಿ: (ವಾಯ್ಸ್ ಮೆಸೇಜ್, ಪುಟ್ಟಿ ಟೈಪ್ ಮಾಡಿದ್ದು) ಮೃದಂಗ ವಿದ್ವಾನ್ ಪಳನಿ ಸುಬ್ರಹ್ಮಣ್ಯ ಪಿಳ್ಳೆ ಎಡಗೈಯವರೇ ಕಣ್ರೋ. ಅವರ ನಾದ ಕೇಳಿ ಯಾರಾದ್ರೂ ಕೈ ಬದಲಾಯಿಸಿ ಅಂತಾರಾ? ಕಷ್ಟ ಇರೋದು ವೇದಿಕೆ ಮೇಲೆ. ಕರಣೆ, ಅಂದ್ರೆ ಆ ಕಪ್ಪು ಲೇಪ ಇರೋ ಮುಖ ಜನರ ಕಡೆ ಬರ್ಬೇಕು ಅಂದ್ರೆ ಪಿಟೀಲಿನವರು ಎದ್ದು ಆ ಕಡೆ ಕೂರ್ಬೇಕು. ಮೇಷ್ಟ್ರಿಗೂ ಅದೇ ಚಿಂತೆ ಇರತ್ತೆ.

ದೊಡ್ಡಪ್ಪ: ಅಮ್ಮಾ, ಹರಿಪ್ರಸಾದ್ ಚೌರಾಸಿಯಾ? ಬಲಕ್ಕೆ ಹಿಡೀತಿದ್ದ ಕೊಳಲನ್ನ ಅನ್ನಪೂರ್ಣಾ ದೇವಿ ಹತ್ರ ಕಲಿಯೋಕೆ ಎಡಕ್ಕೆ ತಿರುಗಿಸಿಕೊಂಡ್ರು.

ಅಜ್ಜಿ: ದೊಡ್ಡೋರಾದ ಮೇಲೆ, ತಾವೇ ಮನಸ್ಸು ಮಾಡಿ. ಇದು ಎಂಟು ವರ್ಷದ ಮಗು. ಅದನ್ನ ಕೇಳಿದ್ದೀರಾ?

ಸುಧಾ ಅತ್ತೆ: ಸರಿ, ಎಡಗೈ ಮೃದಂಗ ಎಲ್ಲಿ ಸಿಗತ್ತೆ?

ವಿನು: ಬೇರೆ ಬೇಡ. ಇರೋದನ್ನೇ ತಿರುಗಿಸಿಟ್ಟುಕೊಂಡ್ರೆ ಆಯ್ತು. ವೀಣೆ ಆಗಿದ್ರೆ ತಲೆನೋವಿತ್ತು.

ಸುಧಾ ಅತ್ತೆ: ಮೇಷ್ಟ್ರಿಗೆ ಯಾರು ಹೇಳ್ತೀರಾ?

ಅಜ್ಜಿ: ನಂಬರ್ ಕಳಿಸು.

ದೊಡ್ಡಪ್ಪ: ನಾನು ಮಾತ್ರ ಆ ಮೆಸೇಜ್ ಡಿಲೀಟ್ ಮಾಡಲ್ಲ.