ತಪ್ಪೊಪ್ಪಿಕೊಂಡ ಮೇಲೆ ಅಪೀಲು ಹಾಕಿದವರು ಇದ್ದೀರಾ?

ಕಂಪ್ಲಿಯಿಂದ ಕೇಳಿದ್ದು: 2023ರಲ್ಲಿ ನನ್ನ ತಮ್ಮನ ಟ್ರ್ಯಾಕ್ಟರ್ ಬಡಿದು ಒಬ್ಬರು ತೀರಿಹೋದರು. 304ಎ ಕೇಸು, ಅಂದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಆದ ಕೇಸು. ದಂಡ ಕಟ್ಟಿ ಮುಗಿಸೋಣ ಅಂತ ಮ್ಯಾಜಿಸ್ಟ್ರೇಟರ ಮುಂದೆ ತಪ್ಪು ಒಪ್ಪಿಕೊಂಡ. ಆರು ತಿಂಗಳು ಜೈಲಾಯಿತು. ಇವತ್ತಿಗೆ ಹನ್ನೊಂದು ದಿನ. ಅನುಭವ ಇದ್ದವರು ಹೇಳಿ.

ಮಾನ್ವಿ: ಅಣ್ಣಾ, ನಂದೂ ಇದೇ ಗೋಳು. ಬದುವಿನ ಜಗಳ, ಆಯುಧದಿಂದ ಗಾಯ ಮಾಡಿದ 324ರ ಕೇಸು. ಒಪ್ಪಿಕೊಂಡ್ರೆ ಸಾವಿರ ರೂಪಾಯಿ ದಂಡ ಅಂತ ವಕೀಲರು ಹೇಳಿದ್ದರು. ಮೂರು ತಿಂಗಳು ಬಿತ್ತು. ಒಪ್ಪಿಕೊಂಡ ಮೇಲೆ 'ನಾನು ಮಾಡಿಲ್ಲ' ಅನ್ನೋ ಅಪೀಲು ನಡೆಯಲ್ಲ. ಶಿಕ್ಷೆ ಜಾಸ್ತಿ ಆಯ್ತು, ಇಲ್ಲವೇ ಕಾನೂನಿಗೆ ಸರಿಯಿಲ್ಲ, ಇಷ್ಟೇ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 375ನೇ ಕಲಂ, ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 416. ಬೇರೆ ವಕೀಲರನ್ನು ಹಿಡಿದೆ. ಅವರಿಗೆ 18,000. ಟೈಪು, ಜೆರಾಕ್ಸಿಗೆ 1,140. ಜಾಮೀನುದಾರರಿಬ್ಬರ ಪಹಣಿ, ಊಟ, ಬಸ್ಸು ಸೇರಿ 2,600. ಇಪ್ಪತ್ತೆರಡು ವಾಯಿದೆ, ಅದರಲ್ಲಿ ಒಂಬತ್ತು ಹತ್ತಿ ಬಿಡಿಸೋ ಕಾಲದಲ್ಲೇ. ಕೊನೆಗೆ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಜೈಲಿಲ್ಲದೆ ಬಿಟ್ಟರು. ನೀವೂ ಅದನ್ನೇ ಕೇಳಿ.

ಸಂಡೂರು: ತಪ್ಪು ದಾರಿ ತೋರಿಸಬೇಡಿ. ಹೊಡೆದಾಟಕ್ಕೂ ಡ್ರೈವರ್ ಕೇಸಿಗೂ ಹೋಲಿಕೆ ಇಲ್ಲ. 304ಎಗೆ ಪ್ರೊಬೇಷನ್ ಸುಲಭಕ್ಕೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದಲ್ಬೀರ್ ಸಿಂಗ್ ಕೇಸಿನಲ್ಲಿ ಹೇಳಿದೆ. ನಾನು ಅದಿರು ಲಾರಿ ಓಡಿಸ್ತಿದ್ದೆ. 2011, ಗಣಿ ನಿಂತ ವರ್ಷ. ಮೇಲೆ ಕೇಸು, ಕೆಳಗೆ ಲಾರಿ ಕಂತು. ಒಪ್ಪಿಕೋ ಅಂತ ಎಲ್ಲರೂ ಹೇಳಿದರು. ಒಪ್ಪಲಿಲ್ಲ. ಆರು ವರ್ಷ ಅಲೆದೆ, ಲಾರಿ ಮಾರಿದೆ. ಸಾಕ್ಷಿ ಹೇಳಿದವನು ಗಾಡಿ ಬರೋದನ್ನೇ ನೋಡಿರಲಿಲ್ಲ. ಬಿಡುಗಡೆ ಆಯಿತು. ಸುಮ್ನೆ ಒಪ್ಪಿಕೊಂಡು ಆಮೇಲೆ ಅಳೋದು ಯಾಕೆ?

ಮಾನ್ವಿ: ಮಾರೋಕೆ ನಿಮ್ಮ ಹತ್ತಿರ ಲಾರಿ ಇತ್ತು. ನನಗೆ ಎರಡು ಎಕರೆ, ಏಳು ತಿಂಗಳ ಬಸುರಿ ಹೆಂಡತಿ. ನಾನು ಒಪ್ಪಿಕೊಂಡಿದ್ದು ಹೆದರಿ ಅಲ್ಲ, ಕೆಲಸಕ್ಕೆ ಹೋಗಬೇಕಿತ್ತು ಅಂತ.

ಕುಷ್ಟಗಿ: ಜಗಳ ಸಾಕ್ರೀ. ನಮ್ಮ ಯಜಮಾನರದೂ ಗಾಡಿ ಕೇಸೇ. 'ಹೌದು ಸಾಹೇಬ್ರೇ, ಬಡೀತು, ಆದ್ರೆ ಅವರೇ ಅಡ್ಡ ಬಂದ್ರು' ಅಂದಿದ್ದರು. ನಾನು ಹಿಂದಿನ ಬೆಂಚಿನಲ್ಲೇ ಇದ್ದೆ. ನಕಲು ತೆಗೆಸಿದರೆ ಒಂದೇ ಸಾಲು: 'ತಪ್ಪು ಒಪ್ಪಿರುತ್ತಾನೆ.' ಅಡ್ಡ ಬಂದ ಮಾತು ಎಲ್ಲೂ ಇಲ್ಲ. ಆದಷ್ಟು ಆರೋಪಿ ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು ಅಂತ ಹಳೆಯ ಸಿಆರ್‌ಪಿಸಿಯ 252ರಲ್ಲೇ ಇದೆ. ಅದು ನಮಗೆ ತಿಳಿಯೋ ಹೊತ್ತಿಗೆ ಸೆಷನ್ಸ್‌ಗೆ ಹೋಗೋ 30 ದಿನ ದಾಟಿ 47 ಆಗಿತ್ತು. ತಡ ಆಗಿದ್ದಕ್ಕೆ ಬೇರೆ ಅರ್ಜಿ ಹಾಕಬೇಕಾಯಿತು. ಜೈಲಿನಲ್ಲಿದ್ದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಅದನ್ನೂ ಯಾರೂ ಹೇಳಲಿಲ್ಲ. ಒಳಗೆ ಕಳೆದ ದಿನಗಳಿಗೇ ಶಿಕ್ಷೆ ಇಳಿಸಿದರು. ಅಷ್ಟರಲ್ಲಿ 83 ದಿನ ಕಳೆದಿತ್ತು. ಅಪೀಲು ಮುಗಿಯೋವರೆಗೆ ಶಿಕ್ಷೆ ತಡೆಯೋ ಅಮಾನತಿನ ಅರ್ಜಿ ಅಪೀಲಿನ ಜೊತೆಗೇ ಹಾಕಿ, ತಡ ಮಾಡಬೇಡಿ.

ಸಂಡೂರು: ಅದಕ್ಕೆಲ್ಲ ನೇರ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗಬೇಕು.

ಮಾನ್ವಿ: ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಗೆ ಮೊದಲು ಜಿಲ್ಲಾ ಸೆಷನ್ಸ್ ಕೋರ್ಟು. ಹೈಕೋರ್ಟು ಆಮೇಲೆ. ಅದೂ ನಮ್ಮ ರಾಯಚೂರಿಗೆ ಕಲಬುರಗಿ ಪೀಠ, ಧಾರವಾಡ ಅಲ್ಲ.

ಸಂಡೂರು: ಕೇಳಿದವರು ಕಂಪ್ಲಿಯವರು. ಬಳ್ಳಾರಿಗೆ ಧಾರವಾಡವೇ. ನಿಮ್ಮ ರಾಯಚೂರನ್ನು ಇಲ್ಲಿ ಯಾರು ಕೇಳಿದರು?